ಬೆರಕೆ ಮರಿ ಮನೆಗೆ ಬಂದಾಗ: ಮೊದಲ ರಾತ್ರಿಯಿಂದ ಕರೆದರೆ ಓಡಿ ಬರುವವರೆಗೆ

ಮುಧೋಳದ ಸುತ್ತಲಿನ ಹೊಲಗಳಲ್ಲಿ ಅಚ್ಚ ಮುಧೋಳ ನಾಯಿಗಳ ಜೊತೆಗೆ ಅವುಗಳ ಬೆರಕೆಗಳೂ ಕಣ್ಣಿಗೆ ಬೀಳುತ್ತವೆ. ಉದ್ದ ಮೂತಿ, ಒಳಕ್ಕೆ ಸೇದಿಕೊಂಡ ಹೊಟ್ಟೆ, ಕಡ್ಡಿಯಂಥ ಕಾಲು ಒಂದು ಕಡೆಯಿಂದ ಬಂದಿರುತ್ತವೆ. ನಿಮಿರಿದ ಕಿವಿ, ಸುರುಳಿ ಬಾಲ, ಹೊಸಬರನ್ನು ಕಂಡರೆ ಹತ್ತು ಹೆಜ್ಜೆ ಆಚೆಗೇ ನಿಂತು ಅಳೆದು ನೋಡುವ ಬುದ್ಧಿ ಊರನಾಯಿಯ ಕಡೆಯಿಂದ. ನಮ್ಮ ಕೆಂಪಿ ಅಂಥ ಒಂದು ಹೊಲದ ಪಂಪ್‌ಸೆಟ್ ಕೋಣೆಯಲ್ಲಿ, ಗೋಣಿಚೀಲದ ಮೇಲೆ ಹುಟ್ಟಿದವಳು. ಒಂಬತ್ತು ವಾರದವಳಾಗಿದ್ದಾಗ ಧಾರವಾಡದ ನಮ್ಮ ಮನೆಗೆ ಬಂದಳು. ಅವಳಿಗೆ ನಾಲ್ಕು ಮಾತು ಕಲಿಸುವಾಗ ನಾವು ಮಾಡಿದ ತಪ್ಪುಗಳನ್ನೂ ತಿದ್ದಿಕೊಂಡ ಬಗೆಯನ್ನೂ ಇಲ್ಲಿ ಬರೆಯುತ್ತಿದ್ದೇನೆ. ನೀವು ತರುವ ಮರಿ ಲ್ಯಾಬ್ರಡಾರ್ ಬೆರಕೆಯಾಗಿರಬಹುದು, ಪೊಮೆರೇನಿಯನ್ ಬೆರಕೆಯಾಗಿರಬಹುದು, ನಾಲ್ಕೈದು ತಲೆಮಾರಿನ ಗುರುತೇ ಸಿಗದ ಬೀದಿಯ ಮರಿಯಾಗಿರಬಹುದು. ಕಲಿಸುವ ಕ್ರಮ ಹೆಚ್ಚು ಬದಲಾಗುವುದಿಲ್ಲ.

ತರುವ ಮೊದಲು

ಬೆರಕೆ ಮರಿಯ ವಿಷಯದಲ್ಲಿ ಮೊದಲು ಬಿಡಬೇಕಾದದ್ದು ‘ತಂದೆಯ ಚೆಲುವು, ತಾಯಿಯ ಗುಣ’ ಎಂಬ ಲೆಕ್ಕಾಚಾರ. 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದಲ್ಲಿ ವಾಲಿ ಕಾನ್ರನ್ ಎಂಬವರು ಅಂಧ ಮಹಿಳೆಯೊಬ್ಬರಿಗೆ ದಾರಿ ತೋರುವ ನಾಯಿ ಬೇಕೆಂದು ಲ್ಯಾಬ್ರಡಾರ್ ಮತ್ತು ಪೂಡಲ್ ತಳಿಗಳನ್ನು ಬೆರೆಸಿದರು. ಆಕೆಯ ಗಂಡನಿಗೆ ನಾಯಿಯ ಅಲರ್ಜಿ ಇತ್ತು. ಪೂಡಲ್‌ನ ಕೂದಲು ಬಂದರೆ ತೊಂದರೆಯಾಗದು ಎಂಬುದು ಲೆಕ್ಕ. ಒಂದೇ ಸೂಲಿನಲ್ಲಿ ಹುಟ್ಟಿದ ಮೂರು ಮರಿಗಳಲ್ಲಿ ಆ ಗಂಡನಿಗೆ ಒಗ್ಗಿದ್ದು ಒಂದು ಮಾತ್ರ. ಅಷ್ಟು ಯೋಚಿಸಿ ಮಾಡಿದ ಬೆರಕೆಯೇ ಹೀಗಾದರೆ, ಹೊಲದಲ್ಲಿ ತಾನಾಗಿ ಆದ ಬೆರಕೆಯ ಮರಿ ಏನಾದೀತು ಎಂದು ಮೂತಿ ನೋಡಿ ಹೇಳುವುದು ಹೇಗೆ? ‘ಲ್ಯಾಬ್ ಕ್ರಾಸ್, ಬಹಳ ಸಾಧು’ ಎಂದು ಯಾರಾದರೂ ಹೇಳಿದರೆ ಕೇಳಿಸಿಕೊಳ್ಳಿ, ಆದರೆ ಮರಿಯನ್ನು ನೀವೇ ಕುಳಿತು ನೋಡಿ.

ನೋಡುವುದು ಹೀಗೆ. ಮರಿಗಳಿರುವಲ್ಲಿ ನೆಲದ ಮೇಲೆ ಕುಳಿತು ಸುಮ್ಮನಿರಿ. ಹತ್ತು ನಿಮಿಷದಲ್ಲಿ ಒಂದು ಬಂದು ಮಡಿಲು ಏರುತ್ತದೆ, ಒಂದು ಚಪ್ಪಲಿ ಎಳೆಯುತ್ತದೆ, ಒಂದು ದೂರದಲ್ಲೇ ಕುಳಿತು ನೋಡುತ್ತದೆ. ಕೀಲಿಗೊಂಚಲನ್ನು ಸ್ವಲ್ಪ ಆಚೆಗೆ ಬೀಳಿಸಿ. ಸದ್ದಿಗೆ ಬೆಚ್ಚಿದರೂ ಅರೆನಿಮಿಷದಲ್ಲಿ ಮೂಸಲು ಬರುವ ಮರಿ ಮಕ್ಕಳಿರುವ ಮನೆಗೆ ಒಳ್ಳೆಯದು. ಮೂಲೆಗೆ ಸೇರಿ ಹೊರಗೇ ಬಾರದ ಮರಿಯನ್ನು ‘ಪಾಪ’ ಎಂದು ಎತ್ತಿಕೊಳ್ಳುವ ಮನಸ್ಸಾಗುತ್ತದೆ. ಮನೆಯಲ್ಲಿ ಗದ್ದಲ ಕಡಿಮೆಯಿದ್ದು, ತಾಳ್ಮೆಯಿರುವವರು ಇದ್ದರೆ ಮಾತ್ರ ಎತ್ತಿಕೊಳ್ಳಿ.

ಎಂಟು ವಾರ ತುಂಬುವ ಮೊದಲು ತಾಯಿಯಿಂದ ಬಿಡಿಸಬೇಡಿ. ಅದಕ್ಕಿಂತ ಚಿಕ್ಕ ಮರಿಗಳ ಮಾರಾಟವನ್ನು 2017ರ ಕೇಂದ್ರ ನಿಯಮಗಳು ನಿಷೇಧಿಸಿವೆ. ಕಾನೂನಿನ ಮಾತು ಹಾಗಿರಲಿ, ಒಡಹುಟ್ಟಿದವರ ಜೊತೆ ಕಚ್ಚಾಡಿ ‘ಇಷ್ಟು ಜೋರಾಗಿ ಕಚ್ಚಿದರೆ ಆಟ ನಿಂತುಹೋಗುತ್ತದೆ’ ಎಂಬ ಪಾಠವನ್ನು ಮರಿ ಕಲಿಯುವುದು ಆ ವಾರಗಳಲ್ಲೇ. ಐದು ವಾರಕ್ಕೇ ಕಿತ್ತು ತಂದ ಮರಿಗೆ ಆ ಪಾಠವನ್ನು ನಿಮ್ಮ ಕೈಬೆರಳುಗಳೇ ಕಲಿಸಬೇಕಾಗುತ್ತದೆ. ದುಡ್ಡು ಕೊಟ್ಟು ಕೊಳ್ಳಲೇಬೇಕೆಂದೂ ಇಲ್ಲ. ಬೆಂಗಳೂರಿನ ಕ್ಯೂಪಾ, ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್, ಮಂಗಳೂರಿನ ಅನಿಮಲ್ ಕೇರ್ ಟ್ರಸ್ಟ್‌ನಂಥ ಸಂಸ್ಥೆಗಳಲ್ಲಿ ಮನೆಗಾಗಿ ಕಾಯುತ್ತಿರುವ ಬೆರಕೆಗಳಿವೆ. ವರ್ಷ ತುಂಬಿದ ನಾಯಿಯನ್ನೂ ಧೈರ್ಯವಾಗಿ ತನ್ನಿ. ಅದರ ಗಾತ್ರ, ಸ್ವಭಾವ ಎರಡೂ ಆಗಲೇ ಕಣ್ಣೆದುರು ಇರುತ್ತವೆ. ಕಲಿಯುವ ಶಕ್ತಿಯೂ ಎಲ್ಲೂ ಹೋಗಿರುವುದಿಲ್ಲ.

ಮನೆಯಲ್ಲಿ ಬೇಕಾದ ಸಾಮಾನು ಕಡಿಮೆ: ಅಗಲವಾದ ಕೊರಳಪಟ್ಟಿ, ಎದೆಗೆ ಹಾಕುವ ಹಾರ್ನೆಸ್, ಆರಡಿ ಹಗ್ಗ ಒಂದು, ಹತ್ತು ಮೀಟರ್ ನೂಲಿನ ಹಗ್ಗ ಒಂದು, ಎರಡು ಬಟ್ಟಲು, ಹಳೆಯ ಕಂಬಳಿ. ಕಬ್ಬಿಣದ ಸರಪಳಿ ಬೇಡ. ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ನೆಲದ ಮಟ್ಟದಲ್ಲಿರುವ ವಿದ್ಯುತ್ ತಂತಿ, ಇಲಿಪಾಷಾಣ, ಮಾತ್ರೆಗಳ ಡಬ್ಬಿಗಳನ್ನು ಮೇಲಕ್ಕೆತ್ತಿಡಿ.

ಮೊದಲ ರಾತ್ರಿ

ಸಾಧ್ಯವಾದರೆ ಬೆಳಗ್ಗೆಯೇ ಕರೆತನ್ನಿ, ರಜೆಯ ದಿನವಾದರೆ ಇನ್ನೂ ಒಳ್ಳೆಯದು. ತಾಯಿ ಮಲಗುತ್ತಿದ್ದ ಗೋಣಿಯ ಒಂದು ತುಂಡನ್ನು ಕೇಳಿ ತೆಗೆದುಕೊಳ್ಳಿ. ನಾವು ಅದನ್ನು ತಂದಿದ್ದೆವು. ಕೆಂಪಿ ಆ ರಾತ್ರಿ ಮೆತ್ತನೆಯ ಕಂಬಳಿಯನ್ನೆಲ್ಲ ಕಾಲಿನಿಂದ ಸರಿಸಿ, ಅಂಗೈ ಅಗಲದ ಗೋಣಿತುಂಡಿನ ಮೇಲೆ ಮೂತಿಯಿಟ್ಟು ಮಲಗಿದಳು.

ಮರಿ ಅಳುತ್ತದೆ. ‘ಅಳಲಿ ಬಿಡಿ, ತಾನೇ ಸುಮ್ಮನಾಗುತ್ತದೆ’ ಎಂದು ನೆರೆಯವರು ಹೇಳುತ್ತಾರೆ. ನಾನು ಹಾಗೆ ಮಾಡುವುದಿಲ್ಲ, ಮಾಡಿ ಎಂದು ಹೇಳುವುದೂ ಇಲ್ಲ. ಹುಟ್ಟಿದಂದಿನಿಂದ ಇನ್ನೊಂದು ಮೈಗೆ ಅಂಟಿಕೊಂಡೇ ಮಲಗಿದ ಜೀವ ಅದು. ಅದರ ಪೆಟ್ಟಿಗೆಯನ್ನೋ ಬುಟ್ಟಿಯನ್ನೋ ನಿಮ್ಮ ಹಾಸಿಗೆಯ ಪಕ್ಕ ಇಟ್ಟುಕೊಳ್ಳಿ, ಅತ್ತಾಗ ಕೈ ಇಳಿಬಿಡಿ. ಒಂದೆರಡು ವಾರದಲ್ಲಿ ಬುಟ್ಟಿಯನ್ನು ದಿನಕ್ಕೊಂದು ಅಡಿಯಂತೆ ನಿಮಗೆ ಬೇಕಾದ ಜಾಗಕ್ಕೆ ಸರಿಸಬಹುದು. ಮರುದಿನವೇ ನೆಂಟರು, ಕೇರಿಯ ಮಕ್ಕಳೆಲ್ಲ ನೋಡಲು ಬರುತ್ತೇವೆ ಎನ್ನುತ್ತಾರೆ. ನಾಲ್ಕು ದಿನ ಬಿಟ್ಟು ಬನ್ನಿ ಎಂದು ಹೇಳಿ. ಹೊಸ ನಾಯಿ ಹೆದರಿಕೆ ಬಿಡಲು ಮೂರು ದಿನ, ಮನೆಯ ದಿನಚರಿ ಅರಿಯಲು ಮೂರು ವಾರ, ಇದು ನನ್ನ ಮನೆ ಎಂದು ನೆಚ್ಚಲು ಮೂರು ತಿಂಗಳು ಎಂದು ನಾಯಿ ಸಾಕುವವರು ಒಂದು ಅಂದಾಜು ಹೇಳುತ್ತಾರೆ. ದೊಡ್ಡ ನಾಯಿಯನ್ನು ತಂದವರು ಇದನ್ನು ಮುಖ್ಯವಾಗಿ ನೆನಪಿಡಬೇಕು. ಎರಡನೇ ದಿನವೇ ‘ಇದು ಯಾರ ಹತ್ತಿರವೂ ಬರುವುದಿಲ್ಲ’ ಎಂದು ತೀರ್ಮಾನಿಸಬೇಡಿ.

ಪಶು ಆಸ್ಪತ್ರೆ

ಮೊದಲ ವಾರದಲ್ಲೇ ಹೋಗಿ. ಆರರಿಂದ ಎಂಟು ವಾರದ ಹೊತ್ತಿಗೆ ಡಿಸ್ಟೆಂಪರ್, ಪಾರ್ವೊ ಮುಂತಾದ ಅಂಟುರೋಗಗಳಿಗೆ ಸೇರಿಸಿ ಕೊಡುವ ಲಸಿಕೆ ಆರಂಭವಾಗುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆಯಂತೆ ಸುಮಾರು ಹದಿನಾರು ವಾರ ತುಂಬುವವರೆಗೂ ಅದನ್ನು ಮತ್ತೆ ಕೊಡಿಸಬೇಕು. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವೈದ್ಯರು ಹೇಳಿದಂತೆ ವರ್ಷ ವರ್ಷವೂ. ಜಂತುಹುಳುವಿನ ಔಷಧ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಅದರ ಆಸುಪಾಸಿನಲ್ಲಿ ಹಲವು ಊರುಗಳಲ್ಲಿ ಉಚಿತ ಲಸಿಕೆ ಶಿಬಿರ ನಡೆಯುತ್ತದೆ. ‘ಬೆರಕೆ ನಾಯಿ ಗಟ್ಟಿ, ಅದಕ್ಕೇನೂ ಆಗುವುದಿಲ್ಲ’ ಎಂಬ ಮಾತು ಎಷ್ಟೋ ಮರಿಗಳನ್ನು ಕೊಂದಿದೆ. ಪಾರ್ವೊ ತಳಿ ನೋಡಿ ಬರುವುದಿಲ್ಲ. ಮರಿ ಊಟ ಬಿಟ್ಟು, ವಾಂತಿ ಮಾಡಿ, ರಕ್ತ ಬೆರೆತ ಭೇದಿ ಶುರುವಾದರೆ ಬೆಳಗಾಗಲಿ ಎಂದು ಕಾಯಬೇಡಿ.

ಮಳೆಗಾಲದಲ್ಲಿ ರಕ್ತ ಹೀರುವ ಉಣ್ಣೆಹುಳ ಹುಡುಕುವುದು ದಿನದ ಕೆಲಸವಾಗಬೇಕು: ಕಿವಿಯ ಮಡಿಕೆ, ಬೆರಳುಗಳ ಸಂದಿ, ಬಾಲದ ಬುಡ. ಉಣ್ಣೆಯಿಂದ ಬರುವ ಜ್ವರ ನಮ್ಮ ಕಡೆಯ ನಾಯಿಗಳನ್ನು ಬಹಳ ಕಾಡುತ್ತದೆ. ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಗಿ ಮುದ್ದೆ, ಮೊಸರನ್ನ, ರೊಟ್ಟಿ ತಿಂದು ಬದುಕಿದ ನಾಯಿಗಳು ನಮ್ಮಲ್ಲಿ ಬೇಕಾದಷ್ಟಿವೆ, ಆದರೆ ಬೆಳೆಯುವ ಮರಿಗೆ ಮೊಟ್ಟೆಯೋ ಮಾಂಸವೋ ಪನೀರೋ ಮೇಲಿಂದ ಬೇಕು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ವಿಷ. ಒಗ್ಗರಣೆ ಹಾಕಿದ ಸಾರನ್ನ ಬೇಡ ಎನ್ನುವುದು ಇದಕ್ಕೇ. ಬೇಯಿಸಿದ ಕೋಳಿಯ ಮೂಳೆ ಸೀಳಿ ಚುಚ್ಚುತ್ತದೆ. ಜ್ವರ ಬಂತೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆ ಕೊಡಬೇಡಿ.

ಲಸಿಕೆಗಳು ಮುಗಿಯುವವರೆಗೆ ಬೀದಿಯ ನೆಲಕ್ಕೆ ಬಿಡಬಾರದು ಎನ್ನುತ್ತಾರೆ, ಅದು ಸರಿ. ಆದರೆ ಮರಿ ಲೋಕಕ್ಕೆ ಹೊಂದಿಕೊಳ್ಳುವ ಹೊತ್ತು ಮೂರರಿಂದ ಹದಿನಾಲ್ಕು ವಾರ. ಆ ಕಿಟಕಿ ಮುಚ್ಚಿದ ಮೇಲೆ ಹೊಸದೆಲ್ಲವೂ ಅದಕ್ಕೆ ಹೆದರಿಕೆಯೇ. ಹಾಗಾಗಿ ಎತ್ತಿಕೊಂಡು ತಿರುಗಿ. ಬಸ್ ನಿಲ್ದಾಣದ ಎದುರು ಹತ್ತು ನಿಮಿಷ ನಿಲ್ಲಿ. ಟೋಪಿ ಹಾಕಿದವರು, ಕೋಲು ಹಿಡಿದ ಅಜ್ಜ, ಹೆಲ್ಮೆಟ್ ಧರಿಸಿದವರು, ಸಮವಸ್ತ್ರದ ಮಕ್ಕಳು ಕಾಣಲಿ. ಮನೆಯಲ್ಲಿ ಕುಕ್ಕರ್ ಸೀಟಿ, ಮಿಕ್ಸರ್, ಗ್ಯಾಸ್ ಸಿಲಿಂಡರ್ ಉರುಳಿಸುವ ಸದ್ದು ಬಂದಾಗಲೆಲ್ಲ ಬಾಯಿಗೊಂದು ತುಣುಕು ತಿಂಡಿ ಹಾಕಿ. ದೀಪಾವಳಿಗೆ ಇನ್ನೂ ತಿಂಗಳುಗಳಿದ್ದರೆ, ಪಟಾಕಿಯ ಸದ್ದನ್ನು ಮೊಬೈಲಿನಲ್ಲಿ ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ ಊಟದ ಹೊತ್ತಿಗೆ ಕೇಳಿಸುತ್ತಾ ಬನ್ನಿ. ಮರಿ ಕಿವಿ ಹಿಂದಕ್ಕೆಳೆದರೆ ಸದ್ದು ಹೆಚ್ಚಾಯಿತು ಎಂದರ್ಥ.

ಮನೆಯೊಳಗೆ ಉಚ್ಚೆ

ಮರಿಗೆ ಎಷ್ಟು ತಿಂಗಳೋ ಹೆಚ್ಚೆಂದರೆ ಅಷ್ಟು ಗಂಟೆ ತಡೆದುಕೊಳ್ಳಬಲ್ಲದು. ಎರಡು ತಿಂಗಳ ಮರಿಯನ್ನು ಎರಡು ಗಂಟೆಗೊಮ್ಮೆ ಹೊರಗೆ ಕರೆದೊಯ್ಯಲೇಬೇಕು. ಎದ್ದ ಕೂಡಲೇ, ಉಂಡ ಕೂಡಲೇ, ಆಟ ಮುಗಿದ ಕೂಡಲೇ ಕೂಡ. ಅದೇ ಬಾಗಿಲು, ಅದೇ ಜಾಗ. ಮಾಡಿ ಮುಗಿಸಿದ ಕ್ಷಣದಲ್ಲಿ, ಅಲ್ಲೇ, ತಿಂಡಿ ಕೊಡಿ. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಕೊಟ್ಟಂತೆ. ಒಳಗೆ ಮಾಡಿದ್ದನ್ನು ನೀವು ಆಮೇಲೆ ಕಂಡಿರಾದರೆ ಸುಮ್ಮನೆ ಒರೆಸಿ. ಮೂಗು ಉಜ್ಜುವುದು, ಹೊಡೆಯುವುದು ಮಾಡಿದರೆ ಮರಿ ಕಲಿಯುವ ಪಾಠ ಒಂದೇ: ಇವರ ಎದುರು ಉಚ್ಚೆ ಮಾಡಬಾರದು, ಸೋಫಾದ ಹಿಂದೆ ಮಾಡಬೇಕು. ಫಿನಾಯಿಲ್ ವಾಸನೆ ನಮ್ಮ ಮೂಗಿಗೆ ಹಳೆಯದನ್ನು ಮುಚ್ಚುತ್ತದೆ, ನಾಯಿಯ ಮೂಗಿಗೆ ಮುಚ್ಚುವುದಿಲ್ಲ. ನೀರು ಬೆರೆಸಿದ ವಿನೆಗರ್‌ನಿಂದ ಒರೆಸಿ.

ಕಲಿಸುವ ಮೊದಲು ಮಾತುಗಳನ್ನು ಆರಿಸಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು, ಮತ್ತು ಬಹುತೇಕ ಮನೆಗಳಲ್ಲಿ ಬಿಟ್ಟುಹೋಗುವ ಹೆಜ್ಜೆ. ಕೆಂಪಿ ಬಂದ ಮೊದಲ ತಿಂಗಳು ನಮ್ಮ ಮನೆಯಲ್ಲಿ ‘ಕುಳಿತುಕೋ’ ಎಂಬುದಕ್ಕೆ ಮೂರು ಮಾತು ಓಡಾಡುತ್ತಿದ್ದವು. ಅವ್ವ ‘ಕುಂದ್ರು’ ಎನ್ನುತ್ತಿದ್ದಳು, ಮೈಸೂರು ಕಡೆಯ ನನ್ನ ಹೆಂಡತಿ ‘ಕೂರು’ ಎನ್ನುತ್ತಿದ್ದಳು, ಮಗಳು ‘ಸಿಟ್’ ಎನ್ನುತ್ತಿದ್ದಳು. ಮರಿ ಮೂವರ ಮುಖವನ್ನೂ ನೋಡಿ, ತಲೆ ಓರೆ ಮಾಡಿ, ನಿಂತೇ ಇರುತ್ತಿತ್ತು. ಮಾತು ಕೇಳದ ನಾಯಿ ಎಂದು ನಾವು ಅಂದುಕೊಂಡೆವು. ಅದು ಕೇಳುತ್ತಿತ್ತು, ಒಂದೇ ಕೆಲಸಕ್ಕೆ ಮೂರು ಸದ್ದು ಯಾಕೆ ಎಂದು ತಿಳಿಯದೆ ನಿಂತಿತ್ತು. ಕೊನೆಗೆ ಅವ್ವನ ಮಾತೇ ಇರಲಿ ಎಂದು ಗೊತ್ತುಮಾಡಿದೆವು. ದಿನವಿಡೀ ಮನೆಯಲ್ಲಿರುವವಳು ಅವಳು, ಊಟ ಹಾಕುವವಳೂ ಅವಳೇ. ನಾಯಿಯ ಜೊತೆ ಹೆಚ್ಚು ಹೊತ್ತು ಇರುವವರ ಬಾಯಲ್ಲಿ ಸಹಜವಾಗಿ ಬರುವ ಮಾತನ್ನೇ ಆರಿಸಿ, ಉಳಿದವರು ಅದಕ್ಕೆ ಒಗ್ಗಿಕೊಳ್ಳಲಿ. ಎಲ್ಲ ಊರಿನವರಿಗೂ ತಿಳಿಯಲೆಂದು ಮುಂದೆ ‘ಕೂರು’ ಎಂದೇ ಬರೆಯುತ್ತೇನೆ.

ಇಂಗ್ಲಿಷ್ ಮಾತೇ ಬೇಕೆಂದಿಲ್ಲ. ಆದರೆ ಕನ್ನಡದಲ್ಲಿ ಕಲಿಸುವವರಿಗೆ ಒಂದು ತೊಡಕಿದೆ, ಅದನ್ನು ಮೊದಲೇ ನೋಡಿಕೊಳ್ಳಬೇಕು. ನಾಯಿ ಮಾತಿನ ಅರ್ಥ ಹಿಡಿಯುವುದಿಲ್ಲ, ಸದ್ದು ಹಿಡಿಯುತ್ತದೆ. ‘ಬಾ’, ‘ಬಿಡು’, ‘ಬೇಡ’ ಮೂರೂ ಒಂದೇ ಅಕ್ಷರದಿಂದ ಶುರುವಾಗುತ್ತವೆ. ‘ಇರು’, ‘ಇಲ್ಲಿ’, ‘ಇಲ್ಲ’ ಕೂಡ ಹಾಗೇ. ಗಾಬರಿಯಲ್ಲಿ ಕೂಗಿದಾಗ ಇವುಗಳ ನಡುವಿನ ವ್ಯತ್ಯಾಸ ನಾಯಿಗೆ ಸಿಗುವುದು ಕಷ್ಟ. ಒಂದೊಂದು ಅಕ್ಷರಕ್ಕೆ ಒಂದೇ ಮಾತು ಇಟ್ಟುಕೊಳ್ಳಿ. ನಮ್ಮ ಪಟ್ಟಿ ಹೀಗಿದೆ: ಕೂರಿಸಲು ‘ಕೂರು’, ನಿಂತಲ್ಲೇ ನಿಲ್ಲಿಸಲು ‘ಇರು’, ಬಾಯಲ್ಲಿರುವುದನ್ನು ಕೈಬಿಡಲು ‘ಬಿಡು’, ಮಲಗಲು ‘ಮಲಗು’, ಹತ್ತಿರ ಕರೆಯಲು ‘ಓಡಿ’. ‘ಬಾ’ ಯಾಕಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

ಇನ್ನೆರಡು ಮಾತು ಬೇಕು. ಒಂದು, ಮರಿ ಸರಿಯಾದದ್ದನ್ನು ಮಾಡಿದ ಕ್ಷಣವನ್ನು ಗುರುತಿಸುವ ಮಾತು. ನಾವು ‘ಜಾಣೆ’ ಎನ್ನುತ್ತೇವೆ. ಈ ಮಾತು ಬಂದರೆ ತಿಂಡಿ ಬಂದೇ ಬರುತ್ತದೆ ಎಂದು ಮರಿಗೆ ಖಾತ್ರಿಯಾಗಬೇಕು. ಅದಕ್ಕಾಗಿ ಮೊದಲ ಎರಡು ದಿನ ಬೇರೇನೂ ಕಲಿಸದೆ ‘ಜಾಣೆ’ ಎನ್ನಿ, ತಿಂಡಿ ಕೊಡಿ, ಅಷ್ಟೇ. ಇನ್ನೊಂದು, ‘ಇನ್ನು ನೀನು ಹೋಗಬಹುದು’ ಎಂದು ಬಿಡುಗಡೆ ಮಾಡುವ ಮಾತು. ಇದಕ್ಕೆ ‘ಆಯ್ತು’ ಇಟ್ಟುಕೊಂಡಿದ್ದೆವು. ಫೋನಿನಲ್ಲಿ ದಿನಕ್ಕೆ ಎಷ್ಟು ಸಲ ‘ಆಯ್ತು’ ಎನ್ನುತ್ತೇವೆ ಎಂದು ಆಗ ಗೊತ್ತಾಯಿತು. ಪ್ರತಿ ಸಲವೂ ಕೂತಿದ್ದ ಮರಿ ಎದ್ದು ಹೊರಡುತ್ತಿತ್ತು. ಈಗ ‘ಹೊರಡು’ ಎಂದಿದೆ.

ಪಟ್ಟಿಯನ್ನು ಕಾಗದದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಕೆಲಸಕ್ಕೆ ಬರುವವರು, ರಜೆಗೆ ಬರುವ ಅಣ್ಣನ ಮಕ್ಕಳು ಎಲ್ಲರೂ ಅದನ್ನೇ ಬಳಸಲಿ.

ಕೂರು

ತಿಂಡಿಯ ತುಣುಕು ಹುರುಳಿಕಾಳಿನಷ್ಟು ಇರಲಿ. ಬೇಯಿಸಿದ ಕೋಳಿಯ ಈಲಿ, ಮೊಟ್ಟೆ ನಡೆಯುತ್ತದೆ. ಸಸ್ಯಾಹಾರಿ ಮನೆಯಲ್ಲಿ ಪನೀರ್, ಬೇಯಿಸಿದ ಗೆಣಸು. ಊಟಕ್ಕೆ ಮುಂಚೆ, ಹಸಿವಿರುವಾಗ, ಐದು ನಿಮಿಷ ಮಾತ್ರ, ದಿನಕ್ಕೆ ಮೂರು ಸಲ.

ತುಣುಕನ್ನು ಮರಿಯ ಮೂಗಿಗೆ ತಾಗುವಂತೆ ಹಿಡಿಯಿರಿ. ನಿಧಾನವಾಗಿ ತಲೆಯ ಮೇಲಿಂದ ಹಿಂದಕ್ಕೆ ಸರಿಸಿ. ಮೂಗು ಮೇಲೆ ಹೋದಂತೆ ಕುಂಡೆ ತಾನೇ ನೆಲ ಮುಟ್ಟುತ್ತದೆ. ಮುಟ್ಟಿದ ಕ್ಷಣದಲ್ಲಿ ‘ಜಾಣೆ’, ತಿಂಡಿ. ಬೆನ್ನು ಒತ್ತಿ ಕೂರಿಸಬೇಡಿ. ಒತ್ತಿದರೆ ಮರಿ ಎದುರೊತ್ತುತ್ತದೆ. ಹತ್ತಾರು ಸಲ ಹೀಗಾದ ಮೇಲೆ ತಿಂಡಿಯಿಲ್ಲದ ಬರಿಗೈಯನ್ನು ಹಾಗೇ ಎತ್ತಿ, ಕೂತರೆ ಇನ್ನೊಂದು ಕೈಯಿಂದ ಕೊಡಿ. ಈಗ, ಇಷ್ಟಾದ ಮೇಲೆ ಮಾತ್ರ, ಕೈ ಎತ್ತುವ ಒಂದು ಕ್ಷಣ ಮುಂಚೆ ‘ಕೂರು’ ಎನ್ನಿ. ಒಂದೇ ಸಲ. ‘ಕೂರು, ಕೂರು, ಕೂರು’ ಎಂದರೆ ಮೂರನೆಯ ಸಲಕ್ಕೆ ಕೂರಬೇಕು ಎಂದು ಕಲಿಯುತ್ತದೆ.

ತಡ ಮಾಡಬೇಡಿ. ಕೂತ ಕ್ಷಣಕ್ಕೂ ‘ಜಾಣೆ’ಗೂ ನಡುವೆ ಒಂದು ಸೆಕೆಂಡು ದಾಟಿದರೆ ಮರಿ ಆಗಲೇ ಏಳುತ್ತಿರುತ್ತದೆ, ನೀವು ಏಳುವುದನ್ನು ಕಲಿಸುತ್ತಿರುತ್ತೀರಿ. ಅಡುಗೆಮನೆಯಲ್ಲಿ ಕೂತ ಮರಿ ಅಂಗಳದಲ್ಲಿ ಕೂರದಿದ್ದರೆ ಬೇಸರಿಸಬೇಡಿ. ಜಾಗ ಬದಲಾದರೆ ಅದಕ್ಕೆ ಪಾಠವೂ ಹೊಸದು. ಅಂಗಳದಲ್ಲಿ ಮೊದಲಿನಿಂದ ಶುರು ಮಾಡಿ, ಈ ಸಲ ಬೇಗ ಬರುತ್ತದೆ. ಬಂದವರ ಮೈಮೇಲೆ ಹಾರುವ ಚಾಳಿಗೂ ಇದೇ ಮದ್ದು. ಹಾರಿದಾಗ ಬೆನ್ನು ತಿರುಗಿಸಿ, ನಾಲ್ಕೂ ಕಾಲು ನೆಲದಲ್ಲಿದ್ದಾಗ ಕೂರಿಸಿ ಮುಟ್ಟಿ ಮಾತಾಡಿಸಿ.

‘ಮಲಗು’ ಕಲಿಸುವುದೂ ಹೀಗೇ, ಕೂತ ಮರಿಯ ಮೂಗಿನಿಂದ ತುಣುಕನ್ನು ನೇರ ಕೆಳಗೆ, ಮುಂಗಾಲುಗಳ ನಡುವೆ ಇಳಿಸಿ. ಮುಧೋಳದಂಥ ಎಲುಬುಮೈಯ ಬೆರಕೆಗಳಿಗೆ ಗಟ್ಟಿ ನೆಲದ ಮೇಲೆ ಮಲಗುವುದು ಹಿಡಿಸುವುದಿಲ್ಲ, ಚಾಪೆ ಹಾಸಿಕೊಡಿ.

ಕರೆದರೆ ಬರುವುದು

ಉಳಿದೆಲ್ಲ ಮಾತು ಬಾರದಿದ್ದರೂ ಬದುಕಬಹುದು. ರಸ್ತೆಯತ್ತ ಓಡಿದ ನಾಯಿ ಕರೆದರೆ ತಿರುಗದಿದ್ದರೆ ಬದುಕುವುದಿಲ್ಲ. ಹಾಗಾಗಿ ಇದಕ್ಕೆ ಹೆಚ್ಚು ದಿನ, ಹೆಚ್ಚು ರುಚಿಯ ತಿಂಡಿ ಎರಡನ್ನೂ ಮೀಸಲಿಡಿ.

ನಾವು ಮೊದಲು ‘ಬಾ’ ಎಂದೇ ಕಲಿಸಿದ್ದೆವು, ಚೆನ್ನಾಗಿಯೂ ಬರುತ್ತಿದ್ದಳು. ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ನಾನು ಅಂಗಳದಲ್ಲಿ ಆಡುತ್ತಿದ್ದ ಅವಳನ್ನು ‘ಕೆಂಪಿ, ಬಾ’ ಎಂದು ಕರೆದು, ಬಂದ ಕೂಡಲೇ ಕೊರಳಪಟ್ಟಿ ಹಿಡಿದು ಒಳಗೆ ಕೂಡಿ ಬಾಗಿಲು ಹಾಕುತ್ತಿದ್ದೆ. ಭಾನುವಾರ ಸ್ನಾನಕ್ಕೂ ಅದೇ ‘ಬಾ’. ಹದಿನೈದು ದಿನವೂ ಆಗಿರಲಿಲ್ಲ, ಒಂದು ಬೆಳಗ್ಗೆ ಅವಳು ಪೇರಲ ಗಿಡದ ಕೆಳಗೆ ನಿಂತು ನನ್ನನ್ನೇ ನೋಡಿದಳು. ಬಾಲ ಮೆಲ್ಲಗೆ ಆಡುತ್ತಿತ್ತು, ಕಾಲು ಮಾತ್ರ ಕದಲಲಿಲ್ಲ. ಒಂದು ಹೆಜ್ಜೆ ಮುಂದಿಟ್ಟರೆ ಅವಳು ಒಂದು ಹೆಜ್ಜೆ ಹಿಂದೆ. ‘ಬಾ’ ಎಂದರೆ ಆಟ ಮುಗಿಯಿತು ಎಂದು ಅವಳಿಗೆ ಕಲಿಸಿದವನು ನಾನೇ. ಕೆಟ್ಟ ಮಾತನ್ನು ರಿಪೇರಿ ಮಾಡುವುದಕ್ಕಿಂತ ಹೊಸ ಮಾತು ಹುಡುಕುವುದು ಸುಲಭ. ‘ಓಡಿ’ ಬಂದದ್ದು ಹಾಗೆ. ಎಳೆದು ಕೂಗಲು ಬರುತ್ತದೆ, ಸಿಟ್ಟಿನಲ್ಲಿ ಹೇಳಿದರೂ ಸಂತೋಷದ ಸ್ವರವೇ ಬರುತ್ತದೆ, ಪಟ್ಟಿಯಲ್ಲಿ ಆ ಅಕ್ಷರದ ಇನ್ನೊಂದು ಮಾತಿಲ್ಲ.

ಎರಡನೆಯ ಸಲ ನಾವು ಹೋದ ದಾರಿ ಇದು. ಮೊದಲ ವಾರ ಮನೆಯೊಳಗೆ ಮಾತ್ರ. ನಾಲ್ಕು ಹೆಜ್ಜೆ ದೂರದಿಂದ ಹೆಸರು ಕರೆದು, ತಿರುಗಿದ ಕೂಡಲೇ ‘ಓಡಿ’ ಎಂದು, ಕುಕ್ಕುರುಗಾಲಲ್ಲಿ ಕುಳಿತುಕೊಳ್ಳಿ, ಇಲ್ಲವೇ ಹಿಂದಕ್ಕೆ ನಡೆಯಿರಿ. ನಾಯಿಯ ಕಡೆಗೆ ನಡೆದು ಹೋಗಬೇಡಿ. ಅದು ಬಂದ ಮೇಲೆ ಮೊದಲು ಕೊರಳಪಟ್ಟಿಯನ್ನು ಮೆಲ್ಲಗೆ ಹಿಡಿಯಿರಿ, ಆಮೇಲೆ ತಿಂಡಿ ಕೊಡಿ. ಈ ಕ್ರಮ ತಪ್ಪಿದರೆ ತಿಂಡಿ ಕಸಿದು ಕೈಗೆ ಸಿಗದೆ ಕುಣಿಯುವ ನಾಯಿ ತಯಾರಾಗುತ್ತದೆ. ತಿಂಡಿ ಕೊಟ್ಟು ‘ಹೊರಡು’ ಎಂದು ಬಿಟ್ಟುಬಿಡಿ.

ಎರಡನೇ ವಾರ ಇಬ್ಬರು ಪಡಸಾಲೆಯ ಎರಡು ತುದಿಗೆ ನಿಂತು ಸರದಿಯಂತೆ ಕರೆಯಿರಿ. ಮಕ್ಕಳಿಗೆ ಈ ಆಟ ಬಹಳ ಹಿಡಿಸುತ್ತದೆ. ಆಮೇಲೆ ಅಂಗಳ, ಹತ್ತು ಮೀಟರ್ ಹಗ್ಗದೊಂದಿಗೆ. ಹಗ್ಗವನ್ನು ಹಾರ್ನೆಸ್ಸಿಗೆ ಕಟ್ಟಿ, ಕೊರಳಿಗೆ ಬೇಡ. ಓಡಿ ತುದಿ ಮುಟ್ಟಿದಾಗ ಕತ್ತಿಗೆ ಏಟು ಬೀಳುತ್ತದೆ. ನಾಯಿ ಏನನ್ನೋ ಮೂಸುತ್ತಾ ಮೈಮರೆತಿರುವಾಗ ಮೊದಮೊದಲು ಕರೆಯಬೇಡಿ. ತಲೆ ಎತ್ತಿದಾಗ ಕರೆಯಿರಿ. ಬರುವುದಿಲ್ಲ ಎಂದು ನಿಮಗೇ ಅನ್ನಿಸಿದರೆ ಮಾತನ್ನು ವ್ಯರ್ಥ ಮಾಡಬೇಡಿ, ಹಗ್ಗ ಹಿಡಿದು ಹತ್ತಿರ ಹೋಗಿ.

ಹತ್ತು ಸಲ ಕರೆದರೆ ಒಂಬತ್ತು ಸಲ ತಿಂಡಿ ಕೊಟ್ಟು ಮತ್ತೆ ಆಟಕ್ಕೆ ಬಿಡಿ. ಸ್ನಾನ, ಔಷಧ, ಕಟ್ಟಿಹಾಕುವುದು ಇವುಗಳಿಗೆ ಎಂದೂ ಈ ಮಾತು ಬಳಸಬೇಡಿ, ನೀವೇ ಹೋಗಿ ಕರೆತನ್ನಿ. ಅರ್ಧ ಗಂಟೆ ಸತಾಯಿಸಿ ಬಂದ ನಾಯಿಯನ್ನೂ ಮುದ್ದಿಸಿಯೇ ಬರಮಾಡಿಕೊಳ್ಳಿ. ಸಿಟ್ಟು ನುಂಗುವುದು ಕಷ್ಟ, ನನಗೆ ಗೊತ್ತು. ಆದರೆ ಆಗ ಬಿದ್ದ ಏಟು ಓಡಿಹೋದದ್ದಕ್ಕೆ ಬಿದ್ದದ್ದೆಂದು ಅದಕ್ಕೆ ತಿಳಿಯುವುದಿಲ್ಲ, ಬಂದದ್ದಕ್ಕೆ ಬಿತ್ತು ಎಂದೇ ತಿಳಿಯುತ್ತದೆ.

ಇರು, ಬಿಡು, ಹಗ್ಗದಲ್ಲಿ ನಡೆಯುವುದು

‘ಇರು’ ಎಂಬುದನ್ನು ಎರಡು ಸೆಕೆಂಡಿನಿಂದ ಶುರು ಮಾಡಿ. ಕೂರಿಸಿ, ಅಂಗೈ ತೋರಿಸಿ, ‘ಇರು’ ಎಂದು ಎರಡೆಣಿಸಿ, ತಿಂಡಿ ಕೊಟ್ಟು ‘ಹೊರಡು’. ಮೊದಲು ಹೊತ್ತು ಹೆಚ್ಚಿಸಿ, ಆಮೇಲೆ ದೂರ. ಎರಡನ್ನೂ ಒಟ್ಟಿಗೆ ಬೇಡ. ಊಟದ ಬಟ್ಟಲು ಇಡುವಾಗ, ಗೇಟು ತೆರೆಯುವಾಗ ಇದನ್ನು ಬಳಸಿದರೆ ಬೇರೆ ಅಭ್ಯಾಸವೇ ಬೇಡ.

‘ಬಿಡು’ ಕಲಿಸಲು ವಿನಿಮಯ ಒಂದೇ ದಾರಿ. ಬಾಯಲ್ಲಿ ಚಪ್ಪಲಿಯಿದ್ದರೆ ಮೂಗಿನ ಬಳಿ ಅದಕ್ಕಿಂತ ರುಚಿಯಾದದ್ದು ಹಿಡಿಯಿರಿ; ಬಾಯಿ ತೆರೆದಾಗ ‘ಬಿಡು’, ‘ಜಾಣೆ’, ತಿಂಡಿ. ಕಸಿದುಕೊಳ್ಳುತ್ತಾ ಹೋದರೆ ಸಿಕ್ಕಿದ್ದನ್ನೆಲ್ಲ ಗಬಕ್ಕನೆ ನುಂಗಲು ಕಲಿಯುತ್ತದೆ, ಒಂದು ದಿನ ಅದು ಮೂಳೆಯೋ ವಿಷವೋ ಆಗಿರುತ್ತದೆ.

ಹಗ್ಗ ಎಳೆದಾಗ ನಿಂತುಬಿಡಿ. ಸಡಿಲವಾದಾಗ ನಡೆಯಿರಿ. ಮೊದಲ ದಿನ ಗೇಟಿನಿಂದ ಲೈಟುಕಂಬದವರೆಗೆ ಹೋಗಲು ಇಪ್ಪತ್ತು ನಿಮಿಷ ಹಿಡಿಯಬಹುದು. ಅವಸರವಿರುವ ದಿನ ಈ ಪಾಠ ಇಟ್ಟುಕೊಳ್ಳಬೇಡಿ. ಬೇಸಿಗೆಯಲ್ಲಿ ಡಾಂಬರಿನ ಮೇಲೆ ಅಂಗೈ ಬೆನ್ನನ್ನು ಏಳು ಸೆಕೆಂಡು ಇಟ್ಟು ನೋಡಿ. ನಿಮಗೆ ತಡೆಯಲಾಗದಿದ್ದರೆ ಅದರ ಪಾದಕ್ಕೂ ತಡೆಯಲಾಗದು.

ಹೊಡೆತದ ಬಗ್ಗೆ

‘ನಾಯಿಗೆ ಯಜಮಾನ ಯಾರೆಂದು ತೋರಿಸಬೇಕು, ಅಂಗಾತ ಕೆಡವಿ ಒತ್ತಿ ಹಿಡಿಯಬೇಕು’ ಎಂಬ ಸಲಹೆ ಈಗಲೂ ಸಿಗುತ್ತದೆ. 1940ರ ದಶಕದಲ್ಲಿ, ಪರಸ್ಪರ ಪರಿಚಯವಿಲ್ಲದ ತೋಳಗಳನ್ನು ಒಂದೇ ಆವರಣದಲ್ಲಿ ಕೂಡಿಹಾಕಿ ನೋಡಿದಾಗ ಹುಟ್ಟಿದ ವಿಚಾರ ಅದು. ಅದನ್ನು ಜನಪ್ರಿಯಗೊಳಿಸಿದವರಲ್ಲಿ ಒಬ್ಬರಾದ ಅಮೆರಿಕದ ತೋಳತಜ್ಞ ಡೇವಿಡ್ ಮೆಕ್ ಅವರೇ 1999ರಲ್ಲಿ ಅದನ್ನು ತಿದ್ದಿದರು: ಕಾಡಿನ ತೋಳಗಳ ಗುಂಪೆಂದರೆ ತಂದೆ, ತಾಯಿ, ಮಕ್ಕಳ ಕುಟುಂಬ, ಯಜಮಾನಿಕೆಯ ಕಾದಾಟವಲ್ಲ. ಮೇಲಾಗಿ ಊರನಾಯಿಯ ರಕ್ತವಿರುವ ಬೆರಕೆಗಳು ಹೊಡೆತವನ್ನು ಮರೆಯುವುದಿಲ್ಲ. ಕೈ ಎತ್ತಿದವರಿಂದ ದೂರ ನಿಲ್ಲುವುದು ಬೀದಿಯಲ್ಲಿ ಬದುಕುಳಿಯುವ ವಿದ್ಯೆ, ಅದು ಅವುಗಳಲ್ಲಿ ಆಳವಾಗಿದೆ.

ಗುರುಗುಟ್ಟಿದ್ದಕ್ಕೆ ಗದರಬೇಡಿ. ಅದು ‘ನನಗೆ ಆಗುತ್ತಿಲ್ಲ, ದೂರ ಸರಿ’ ಎಂಬ ಮಾತು. ಗದರಿ ಆ ಮಾತನ್ನು ನಿಲ್ಲಿಸಿದರೆ ಮುಂದಿನ ಸಲ ಎಚ್ಚರಿಕೆಯಿಲ್ಲದೆ ಹಲ್ಲು ಬರುತ್ತದೆ. ಅದಕ್ಕೂ ಮೊದಲಿನ ಗುರುತುಗಳನ್ನು ಮಕ್ಕಳಿಗೆ ಕಲಿಸಿ: ನಿದ್ದೆಯಿಲ್ಲದೆ ಆಕಳಿಸುವುದು, ತುಟಿ ನೆಕ್ಕಿಕೊಳ್ಳುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ತೋರಿಸುವುದು. ತಿನ್ನುವ, ಮಲಗಿರುವ ನಾಯಿಯನ್ನು ತಬ್ಬಿಕೊಳ್ಳಬಾರದು. ಹಲ್ಲು ತಾಗಿ ಚರ್ಮ ಒಡೆದರೆ, ಸಾಕಿದ ನಾಯಿಯೇ ಆಗಿದ್ದರೂ, ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ವೈದ್ಯರ ಬಳಿ ಹೋಗಿ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ.

ಆರು ತಿಂಗಳ ಮೇಲೆ

ಎಲ್ಲ ಕಲಿತಿದ್ದ ಮರಿ ಆರರಿಂದ ಹನ್ನೆರಡು ತಿಂಗಳ ನಡುವೆ ಒಮ್ಮೆಲೇ ಎಲ್ಲ ಮರೆತಂತೆ ಆಡುತ್ತದೆ. ಹರೆಯ ಅದು. ಆಗ ಗಾಬರಿಯಾಗದೆ ಉದ್ದ ಹಗ್ಗಕ್ಕೆ ಮರಳಿ, ತಿಂಡಿಯನ್ನು ಮತ್ತೆ ರುಚಿಯಾಗಿಸಿ, ಪಾಠವನ್ನು ಎರಡು ಹೆಜ್ಜೆ ಹಿಂದಿನಿಂದ ಶುರು ಮಾಡಿ. ಬಹಳ ನಾಯಿಗಳನ್ನು ಬೀದಿಗೆ ಬಿಡುವುದು ಈ ವಯಸ್ಸಿನಲ್ಲೇ, ಇನ್ನಾರು ತಿಂಗಳು ತಾಳಿದ್ದರೆ ಸಾಕಿತ್ತು ಎನ್ನುವ ಹೊತ್ತಿನಲ್ಲಿ. ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆಯೂ ಈಗಲೇ ವೈದ್ಯರನ್ನು ಕೇಳಿ. ಹೆಣ್ಣಾದರೆ ಮೊದಲ ಬೆದೆ ಈ ತಿಂಗಳುಗಳಲ್ಲೇ ಬರಬಹುದು, ಒಮ್ಮೆ ಗರ್ಭ ಕಟ್ಟಿದರೆ ಸುಮಾರು 63 ದಿನಕ್ಕೆ ಮನೆ ಹುಡುಕಬೇಕಾದ ಮರಿಗಳ ಸೂಲು ನಿಮ್ಮದೇ ಅಂಗಳದಲ್ಲಿ.

ತಳಿಯ ರಕ್ತ ಮುಖ ತೋರಿಸುವುದೂ ಈಗ. ಕೆಂಪಿ ಹತ್ತನೇ ತಿಂಗಳಲ್ಲಿ ಒಂದು ಸಂಜೆ, ಊರ ಹೊರಗಿನ ಹೊಲದಲ್ಲಿ ಮೊದಲ ಸಲ ಮೊಲ ನೋಡಿದಳು. ಹಗ್ಗ ನನ್ನ ಕೈಯಲ್ಲಿತ್ತು. ‘ಓಡಿ’ ಎಂದೆ. ಕಿವಿ ನನ್ನ ಕಡೆ ತಿರುಗಿತು, ಕಣ್ಣು ಮೊಲದ ಮೇಲೇ ಇತ್ತು, ಮೈಯೆಲ್ಲ ಬಿಗಿದ ತಂತಿಯಂತೆ ನಡುಗುತ್ತಿತ್ತು. ನಾಲ್ಕು ಸಲ ಉಸಿರು ಎಳೆದುಕೊಳ್ಳುವಷ್ಟು ಹೊತ್ತಾದ ಮೇಲೆ ತಿರುಗಿ ಬಂದಳು. ಜೇಬಿನಲ್ಲಿದ್ದ ತಿಂಡಿಯನ್ನೆಲ್ಲ ಅವಳ ಮುಂದೆ ಸುರಿದೆ. ಆದರೆ ಹಗ್ಗ ಇಲ್ಲದಿದ್ದರೆ ಬರುತ್ತಿರಲಿಲ್ಲ ಎಂದು ನನಗೆ ಗೊತ್ತು. ಈಗ ಅವಳಿಗೆ ನಾಲ್ಕು ವರ್ಷ. ಕಾಂಪೌಂಡು ಇರುವ ಶಾಲೆಯ ಮೈದಾನದಲ್ಲಿ ರಜೆಯ ದಿನ ಅನುಮತಿ ಕೇಳಿ ಬಿಚ್ಚಿ ಬಿಡುತ್ತೇನೆ, ಕರೆದರೆ ಎದೆಗೆ ಬಂದು ಗುದ್ದುವಷ್ಟು ಜೋರಾಗಿ ಓಡಿ ಬರುತ್ತಾಳೆ. ಹೊಲದ ಬದುವಿನಲ್ಲಿ ಮಾತ್ರ ಇವತ್ತಿಗೂ ಹತ್ತು ಮೀಟರ್ ಹಗ್ಗ ಬಿಚ್ಚುವುದಿಲ್ಲ.